ತುತ್ತಿನ ಲೆಕ್ಕ ಮಗುವಿಗಿರಲಿ

ಚಿ. ಸೌ. ಸುಮಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮಗಳಿಗೆ ಮೂರು ತುಂಬಿದರೂ ತೂಕ 12.5 ಕಿಲೋ ದಾಟಿಲ್ಲವೆಂದೂ, ಬಟ್ಟಲು ಖಾಲಿಯಾಗುವವರೆಗೆ ಮೊಬೈಲ್ ತೋರಿಸಿ ತಿನ್ನಿಸಬೇಕಾಗಿದೆಯೆಂದೂ ಬರೆದಿದ್ದೀಯೆ. ನಿನ್ನ ಕಳವಳ ನನಗೆ ಅರ್ಥವಾಗುತ್ತದೆ. ಆದರೆ ಆ ತೂಕ ಕಳವಳಪಡುವಂಥದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾನದಂಡದ ಪ್ರಕಾರ ಮೂರು ವರ್ಷದ ಹೆಣ್ಣುಮಗುವಿನ ಮಧ್ಯಮ ತೂಕ 13.9 ಕಿಲೋ, 10.8ಕ್ಕಿಂತ ಕೆಳಗಿಳಿದರೆ ಕಡಿಮೆ ತೂಕವೆಂದು ಎಣಿಸುತ್ತಾರೆ. ಮೊದಲ ವರ್ಷದಲ್ಲಿ ಹುಟ್ಟುತೂಕದ ಮೂರು ಪಟ್ಟು ಬೆಳೆದ ಮಗು ಎರಡು ದಾಟಿದ ಮೇಲೆ ವರ್ಷಕ್ಕೆ ಸುಮಾರು ಎರಡು ಕಿಲೋ ಮಾತ್ರ ಏರುವುದರಿಂದ, ಅದರ ಹಸಿವೂ ಅಷ್ಟಕ್ಕೆ ತಗ್ಗುತ್ತದೆ.

ಒತ್ತಾಯದಿಂದ ಉಣ್ಣುವ ಮಕ್ಕಳು ತೆಳ್ಳಗಿರುವುದೂ ತಿಂಡಿಗೆ ಕಟ್ಟುನಿಟ್ಟಿರುವ ಮನೆಯ ಮಕ್ಕಳು ದಪ್ಪಗಿರುವುದೂ ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ. ಹಾಗೆಂದು ತಾಯಿಯೇ ಎಲ್ಲಕ್ಕೂ ಕಾರಣಳೆಂದು ಯಾರಾದರೂ ಹೇಳಿದರೆ ನಂಬಬೇಡ. ನೆದರ್‌ಲೆಂಡ್ಸ್‌ನ ರೋಟರ್‌ಡ್ಯಾಮಿನಲ್ಲಿ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದಾಗ, ಮಗು ತೆಳ್ಳಗಿದೆಯೆಂದು ಕಂಡ ಮೇಲೆ ತಾಯಂದಿರ ಒತ್ತಾಯ ಹೆಚ್ಚಿದ್ದೇ ಮುಖ್ಯವಾಗಿ ತಿಳಿದುಬಂತು. ಆ ಒತ್ತಾಯದಿಂದ ತೂಕವೇನೂ ಏರಲಿಲ್ಲ. ಅನ್ನವನ್ನು ದವಡೆಯಲ್ಲಿ ಒತ್ತರಿಸಿಕೊಂಡು, ನುಂಗದೆ, ಉಗುಳದೆ, ಪರದೆಯನ್ನೇ ನೋಡುತ್ತ ಕೂತ ಮಗುವಿಗೆ ಹೊಟ್ಟೆ ತುಂಬಿತೋ ಇಲ್ಲವೋ ಎಂಬುದು ತನಗೇ ತಿಳಿಯುವುದಿಲ್ಲ. ಇದೇ ನನ್ನನ್ನು ಹೆಚ್ಚು ಕಾಡುವ ಸಂಗತಿ.

ಆದ್ದರಿಂದ ಏನು, ಯಾವಾಗ, ಎಲ್ಲಿ ಬಡಿಸಬೇಕೆಂಬುದು ನಿನ್ನ ಹೊಣೆಯಾಗಲಿ. ಎಷ್ಟು ಉಣ್ಣಬೇಕೆಂಬುದನ್ನು ಅವಳೇ ತೀರ್ಮಾನಿಸಲಿ. ಮುದ್ದೆಯೋ ಅನ್ನವೋ, ಬೇಳೆ, ಸೊಪ್ಪು, ಒಂದು ಚಮಚ ತುಪ್ಪ, ಮೊಟ್ಟೆ ತಿನ್ನುವ ಮನೆಯಾದ್ದರಿಂದ ಅದೂ ಇರಲಿ. ನಿಮ್ಮ ಜೊತೆಗೇ ಕೂರಿಸಿ, ಸ್ವಲ್ಪವೇ ಬಡಿಸಿ, ಕೇಳಿದರೆ ಮತ್ತೆ ಹಾಕು. ಅರ್ಧ ಗಂಟೆಯೊಳಗೆ ಊಟ ಮುಗಿಯಲಿ. ಊಟಕ್ಕೆ ಮುಂಚೆ ಒಂದು ಲೋಟ ಹಾಲು, ನಡುನಡುವೆ ಬಿಸ್ಕತ್ತು ಕೊಟ್ಟರೆ ಹಸಿವು ಎಲ್ಲಿಂದ ಬರಬೇಕು? ಬಿಸ್ಕತ್ತಿನ ಡಬ್ಬವನ್ನು ಅಟ್ಟದ ಮೇಲಿಟ್ಟು ಕಾವಲು ಕಾಯುವ ಬದಲು ಮನೆಗೆ ತರುವುದನ್ನೇ ಕಡಿಮೆ ಮಾಡು. ಕಣ್ಣೆದುರಿಗಿದ್ದೂ ಕೈಗೆ ಸಿಗದ ತಿಂಡಿಯ ಮೇಲೆ ಮಕ್ಕಳಿಗೆ ಆಸೆ ಹೆಚ್ಚುತ್ತದೆಂದು ಅಮೆರಿಕದ ಸಂಶೋಧಕಿಯರಾದ ಜೆನಿಫರ್ ಫಿಶರ್ ಮತ್ತು ಲಿಯಾನ್ ಬರ್ಚ್ 1999ರಲ್ಲೇ ತೋರಿಸಿದ್ದಾರೆ.

ನಿಮ್ಮ ಅತ್ತೆಯವರು ಬೇಸರಪಟ್ಟುಕೊಂಡರೆ ಎದುರಾಡಬೇಡ. ತಾಯಿ ಕಾರ್ಡಿನ ಬೆಳವಣಿಗೆಯ ಪುಟವನ್ನು ಅವರ ಮುಂದಿಟ್ಟು, ಒಂದು ಸಲದ ತೂಕವನ್ನಷ್ಟೇ ಲೆಕ್ಕಿಸದೆ, ತೂಕದ ಗೆರೆ ಮೇಲೇರುತ್ತಿದೆಯೇ ಎಂಬುದನ್ನು ಒಟ್ಟಿಗೇ ನೋಡಿ. ಗೆರೆ ತಿಂಗಳುಗಟ್ಟಲೆ ಸಮವಾಗಿಯೇ ಉಳಿದರೆ, ಇಳಿದರೆ, ಅಥವಾ ಮಗು ಆಟ ಬಿಟ್ಟು ಮಂಕಾಗಿ ಕೂತರೆ, ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸು. ಮುಂದಿನ ತಿಂಗಳು ಅಂಗನವಾಡಿಯಲ್ಲಿ ತೂಕ ಮಾಡಿಸಿ ಆ ಪುಟದ ಫೋಟೊ ಕಳುಹಿಸು.

ಇಂತಿ,
ನಿನ್ನ ದೊಡ್ಡಮ್ಮ