ಚಾಲೆಂಜರೋ, ಮಸ್ಟಾಂಗೋ: ಮಗಳಿಗೊಂದು ಪತ್ರ

ಹಾಸನ

ಚಿ. ರಮ್ಯಾಳಿಗೆ ಅಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ನಾವಿಬ್ಬರೂ ಕ್ಷೇಮ. ಮೊನ್ನೆ ಭಾನುವಾರ ವಿಡಿಯೋ ಕಾಲ್‌ನಲ್ಲಿ ನೀನು ಎರಡು ಗಾಡಿಗಳ ಬೆಲೆಯನ್ನೂ ಹೇಳಿ, "ಅಪ್ಪ, ಯಾವುದಾದರೂ ಒಂದು ಹೇಳಿಬಿಡಿ" ಎಂದಾಗ ನಾನು ಬಾಯಿ ತೆರೆಯುವಷ್ಟರಲ್ಲಿ ನಿನ್ನ ಅಮ್ಮ "ಎರಡೂ ಬೇಡ" ಎಂದುಬಿಟ್ಟಳು, ಮಾತು ಅಲ್ಲಿಗೇ ನಿಂತಿತು. ಅವಳು ಮಧ್ಯಾಹ್ನ ಮಲಗಿರುವ ಹೊತ್ತಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಮೂವತ್ತೊಂದು ವರ್ಷ ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಡೀಸೆಲ್ ಎಂಜಿನ್ನುಗಳ ಕೆಳಗೆ ಮಲಗಿ ಎದ್ದವನಿಗೆ ಅಮೆರಿಕದ ಮಸಲ್ ಕಾರುಗಳ ಬಗ್ಗೆ ತೀರ್ಪು ಕೊಡುವ ಅಧಿಕಾರ ಎಷ್ಟಿದೆಯೋ ಕಾಣೆ. ಆದರೂ ಮೂರು ವಾರದ ಹಿಂದೆ ಮಿಶಿಗನ್‌ನಲ್ಲಿ ನಿನ್ನ ಪಕ್ಕದ ಸೀಟಿನಲ್ಲಿ ಕೂತು ಎರಡರಲ್ಲೂ ತಿರುಗಿದ್ದೇನೆ, ಎರಡರ ಬಾನೆಟ್ಟನ್ನೂ ಎತ್ತಿ ನೋಡಿದ್ದೇನೆ, ಊರಿಗೆ ಬಂದ ಮೇಲೂ ಅವುಗಳದೇ ಧ್ಯಾನದಲ್ಲಿದ್ದೇನೆ.

ಅಂಕಿಗಳನ್ನು ನೋಡಿ ತೀರ್ಮಾನಿಸುವುದಾದರೆ ಈ ಪತ್ರದ ಅಗತ್ಯವೇ ಇರಲಿಲ್ಲ. ಡಾಜ್ ಚಾಲೆಂಜರ್ ಹೆಲ್‌ಕ್ಯಾಟ್‌ನಲ್ಲಿರುವುದು 6.2 ಲೀಟರಿನ, ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಕೂರಿಸಿದ ಎಂಟು ಸಿಲಿಂಡರಿನ ವಿ8 ಎಂಜಿನ್, ಅದರ ಬಲ 707 ಅಶ್ವಶಕ್ತಿ. ಫೋರ್ಡ್ ಮಸ್ಟಾಂಗ್ ಶೆಲ್ಬಿ ಜಿಟಿ350ಯಲ್ಲಿರುವುದು ಸೂಪರ್‌ಚಾರ್ಜರ್ ಇಲ್ಲದ 5.2 ಲೀಟರಿನ ವಿ8, ಅದರದು 526. ನಡುವಿನ ಅಂತರವೇ 181 ಅಶ್ವಶಕ್ತಿ. ನಮ್ಮೂರಿನಲ್ಲಿ ಓಡುವ ಎರಡು ಸಣ್ಣ ಕಾರುಗಳ ಬಲವನ್ನು ಕೂಡಿಸಿದರೂ ಅಷ್ಟಾಗುವುದಿಲ್ಲ. ಆದರೆ ನೀನು ಕೇಳಿದ್ದು ರೇಸ್ ಟ್ರ್ಯಾಕಿಗೆ ಯಾವುದು ಎಂದಲ್ಲ, ದಿನನಿತ್ಯದ ರಸ್ತೆಗೆ ಯಾವುದು ಎಂದು. ರಸ್ತೆಯ ಮೇಲೆ ಎಂಜಿನ್ನಿನಲ್ಲಿ ಎಷ್ಟು ಬಲ ಇದೆ ಎಂಬುದಕ್ಕಿಂತ ಆ ಬಲ ಯಾವ ಹೊತ್ತಿಗೆ, ಎಷ್ಟು ಒತ್ತಿದರೆ ಬರುತ್ತದೆ ಎಂಬುದು ಮುಖ್ಯ.

ಹೆಲ್‌ಕ್ಯಾಟ್‌ನ ಮಾಲೀಕರು ನಮಗೆ ಮೊದಲು ಕಪ್ಪು ಕೀಲಿ ಕೊಟ್ಟದ್ದು ನೆನಪಿದೆಯಲ್ಲವೇ? ಆ ಗಾಡಿಗೆ ಎರಡು ಬಣ್ಣದ ಕೀಲಿಗಳು. ಕಪ್ಪು ಹಿಡಿದು ಹೊರಟರೆ ಎಂಜಿನ್ ಸುಮಾರು 500 ಅಶ್ವಶಕ್ತಿಗೆ ತನ್ನನ್ನು ಕಟ್ಟಿಹಾಕಿಕೊಳ್ಳುತ್ತದೆ, ಕೆಂಪು ಹಿಡಿದರೆ ಪೂರ್ತಿ ಬಿಟ್ಟುಕೊಡುತ್ತದೆ. ಗಾಡಿ ಮಾಡಿದವರೇ ಅದನ್ನು ಕಟ್ಟಿಹಾಕಲು ಒಂದು ಕೀಲಿ ಕೊಟ್ಟಿದ್ದಾರೆಂದರೆ ಅದರ ಸ್ವಭಾವ ಎಂಥದ್ದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು! ವಾಪಸು ಬರುವಾಗ ನೀನು ಕೆಂಪು ಕೀಲಿ ಕೇಳಿ ಪಡೆದೆ. ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ, ಬಡಾವಣೆಯ ತಿರುವಿನಲ್ಲಿ ಮೇಪಲ್ ಎಲೆಗಳು ಒದ್ದೆಯಾಗಿ ರಸ್ತೆಗೆ ಅಂಟಿಕೊಂಡಿದ್ದವು. ನೀನು ಪೆಡಲನ್ನು ಹೆಬ್ಬೆರಳಿನ ದಪ್ಪದಷ್ಟೂ ಒತ್ತಿರಲಿಲ್ಲ. ಅಷ್ಟಕ್ಕೇ ಗಾಡಿಯ ಹಿಂಭಾಗ ನನ್ನ ಕಡೆಗೆ ಒಂದು ಗೇಣು ಜಾರಿತು, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಮಿಟುಕಿತು, ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಹಿಡಿದು ಸರಿಪಡಿಸಿತು. ನೀನು ನಕ್ಕೆ, ನಾನೂ ನಕ್ಕೆ, ಆದರೆ ನನ್ನ ಎಡಗೈ ಸೀಟಿನ ಅಂಚನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂಬುದನ್ನು ನೀನು ನೋಡಲಿಲ್ಲ. ಅದು ಗಾಡಿಯ ದೋಷವೂ ಅಲ್ಲ, ನಿನ್ನ ದೋಷವೂ ಅಲ್ಲ, ಲೆಕ್ಕವೇ ಹಾಗಿದೆ.

ಆ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ. ಡಿಪೋದಲ್ಲಿ ನಾವು ಟರ್ಬೊ ಬಸ್ಸುಗಳನ್ನು ನೋಡಿದವರು. ಪೆಡಲ್ ಒತ್ತಿದ ಮೇಲೆ ಹೊಗೆಯ ವೇಗಕ್ಕೆ ಟರ್ಬೊ ತಿರುಗಿ, ಗಾಳಿ ತುಂಬಿ, ಎಳೆತ ಬರಲು ಒಂದು ಉಸಿರಿನಷ್ಟು ಹೊತ್ತು ಹಿಡಿಯುತ್ತಿತ್ತು. ಹೆಲ್‌ಕ್ಯಾಟ್‌ನ ಸೂಪರ್‌ಚಾರ್ಜರನ್ನು ತಿರುಗಿಸುವುದು ಹೊಗೆಯಲ್ಲ, ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟಿನಿಂದಲೇ ಬರುವ ಬೆಲ್ಟು. ಆದ್ದರಿಂದ ಅದಕ್ಕೆ ಕಾಯುವ ಅಭ್ಯಾಸವೇ ಇಲ್ಲ. ಅದರ ಗರಿಷ್ಠ ಎಳೆತ (ಟಾರ್ಕ್) 650 ಪೌಂಡ್-ಅಡಿ, ಅಂದರೆ ಸುಮಾರು 880 ನ್ಯೂಟನ್ ಮೀಟರ್, ಮತ್ತು ಅದರ ದೊಡ್ಡ ಪಾಲು ಎಂಜಿನ್ ನಿಮಿಷಕ್ಕೆ ಕಡಿಮೆ ಸುತ್ತು ತಿರುಗುವಾಗಲೇ, ಅಂದರೆ ಕೆಳಗಿನ ಆರ್‌ಪಿಎಂನಲ್ಲೇ ಸಿದ್ಧವಾಗಿ ನಿಂತಿರುತ್ತದೆ. ಇಷ್ಟನ್ನೂ ನೆಲಕ್ಕೆ ಇಳಿಸಬೇಕಾದ ಹಿಂದಿನ ಟಯರುಗಳ ಅಗಲ ಬರೀ 275 ಮಿಲಿಮೀಟರ್, ಗಾಡಿಯ ತೂಕ 2000 ಕಿಲೋಗೂ ಸ್ವಲ್ಪ ಮೇಲೆ. ಜಿಟಿ350ಯ ತೂಕ ಸುಮಾರು 1700 ಕಿಲೋ, ಅಂದರೆ ಐವತ್ತು ಕಿಲೋದ ಆರು ಅಕ್ಕಿ ಮೂಟೆಗಳಷ್ಟು ಕಡಿಮೆ. ಎಳೆತ 429 ಪೌಂಡ್-ಅಡಿ ಮಾತ್ರ. ಟಯರುಗಳು ಮುಂದೆ 295, ಹಿಂದೆ 305. ಹಗುರ ಗಾಡಿಗೆ ಅಗಲ ಟಯರು, ಭಾರದ ಗಾಡಿಗೆ ಕಿರಿದಾದ ಟಯರು! ರಸ್ತೆಯಲ್ಲಿ ಬ್ರೇಕು ಹಾಕುವಾಗಲೂ, ತಿರುವಿನಲ್ಲೂ ಈ ಒಂದು ವ್ಯತ್ಯಾಸ ನೂರೆಂಬತ್ತು ಅಶ್ವಶಕ್ತಿಗಿಂತ ದೊಡ್ಡದು.

ಇನ್ನು ಮಸ್ಟಾಂಗ್‌ನ ಎಂಜಿನ್ನಿನ ವಿಷಯಕ್ಕೆ ಬಂದರೆ ನನ್ನ ಬಾಯಿ ಮುಚ್ಚಿಸುವುದು ಕಷ್ಟ. ಅಮೆರಿಕದ ವಿ8ಗಳಲ್ಲಿ ಸಾಮಾನ್ಯವಾಗಿ ಕ್ರ್ಯಾಂಕಿನ ಪಿನ್ನುಗಳು 90 ಡಿಗ್ರಿಗೊಂದರಂತೆ ಶಿಲುಬೆಯ ಆಕಾರದಲ್ಲಿರುತ್ತವೆ. ಆ ಗುಡುಗುಡು ಸದ್ದಿಗೆ ಅದೇ ಕಾರಣ. ಜಿಟಿ350ಯಲ್ಲಿ ಪಿನ್ನುಗಳು 180 ಡಿಗ್ರಿಗೆ, ಒಂದೇ ಸಮತಲದಲ್ಲಿವೆ. ನಮ್ಮ ಹಳೆಯ ಅಂಬಾಸಿಡರ್‌ನ ನಾಲ್ಕು ಸಿಲಿಂಡರಿನ ಕ್ರ್ಯಾಂಕ್ ನೆನಪಿಸಿಕೋ, ಅಂಥ ಎರಡು ಎಂಜಿನ್ನುಗಳನ್ನು ಒಂದೇ ಶಾಫ್ಟಿಗೆ ಕಟ್ಟಿದಂತೆ. ಫೆರಾರಿಯವರು ತಮ್ಮ ವಿ8ಗಳಲ್ಲಿ ಬಳಸುವ ಕ್ರಮ ಇದು. ಕ್ರ್ಯಾಂಕ್ ಹಗುರವಾಗಿ ಎಂಜಿನ್ 8250 ಆರ್‌ಪಿಎಂವರೆಗೆ ಏರುತ್ತದೆ, ಪ್ರತಿಯಾಗಿ ನಡುಕ ಹೆಚ್ಚುತ್ತದೆ. ಮಸ್ಟಾಂಗ್ ಮಾಲೀಕರ ಮನೆಯ ಗ್ಯಾರೇಜಿನಲ್ಲಿ ಎಂಜಿನ್ ಶುರುಮಾಡಿದಾಗ ನಾನು ಫೆಂಡರಿನ ಮೇಲೆ ಅಂಗೈ ಇಟ್ಟಿದ್ದೆ. ಹಿಟ್ಟಿನ ಗಿರಣಿಯ ತೊಟ್ಟಿಯ ಮೇಲೆ ಕೈ ಇಟ್ಟಂತೆ ಸಣ್ಣಗೆ ಜುಮುಗುಟ್ಟುತ್ತಿತ್ತು. ಈ ಎಂಜಿನ್ನುಗಳನ್ನು ನಿನ್ನ ಮನೆಯಿಂದ ಒಂದು ಗಂಟೆಯ ದಾರಿಯ ರೋಮಿಯೋ ಊರಿನ ಕಾರ್ಖಾನೆಯಲ್ಲಿ ಕೈಯಿಂದ ಜೋಡಿಸುತ್ತಿದ್ದರು. ಹೆಸರಿನ 350 ಎಲ್ಲಿಂದ ಬಂತೆಂದು ನೀನು ಕೇಳಿದ್ದೆ: ರೇಸ್ ಕಾರುಗಳನ್ನು ಕಟ್ಟುತ್ತಿದ್ದ ಕ್ಯಾರಲ್ ಶೆಲ್ಬಿ 1965ರ ತಮ್ಮ ಮೊದಲ ಮಸ್ಟಾಂಗಿಗೆ ಹೆಸರು ಹೊಳೆಯದೆ, ಎದುರಿನ ಕಟ್ಟಡಕ್ಕೆ ಎಷ್ಟು ಹೆಜ್ಜೆ ಎಂದು ಒಬ್ಬರಿಂದ ಅಳೆಸಿ, ಬಂದ ಸಂಖ್ಯೆಯನ್ನೇ ಇಟ್ಟರೆಂಬ ಕತೆಯಿದೆ. ನಮ್ಮ ಡಿಪೋದಲ್ಲಿ ರೂಟ್ ನಂಬರ್ ಇಡುತ್ತಿದ್ದದ್ದೂ ಹೆಚ್ಚುಕಡಿಮೆ ಹೀಗೆಯೇ.

ಆದರೆ ಇಲ್ಲೊಂದು ತೊಡಕಿದೆ, ನೀನು ಅದನ್ನು ಎತ್ತುವ ಮೊದಲೇ ನಾನೇ ಒಪ್ಪಿಕೊಳ್ಳುತ್ತೇನೆ. ಈ ಎಂಜಿನ್ನಿನ ಗರಿಷ್ಠ ಬಲ ಬರುವುದು 7500 ಆರ್‌ಪಿಎಂನಲ್ಲಿ, ಮತ್ತು ಎರಡನೇ ಗೇರು ಮುಗಿಯುವ ಹೊತ್ತಿಗೆ ನಿಮ್ಮ ಫ್ರೀವೇಯ 70 ಮೈಲಿಯ ಮಿತಿ ದಾಟಿಹೋಗಿರುತ್ತದೆ. ಹಾಗಾದರೆ ರಸ್ತೆಯಲ್ಲಿ ಅದರ ಹಾಡನ್ನು ಕೇಳುವುದು ಯಾವಾಗ? ಮೊದಲನೇ ಗೇರಿನಲ್ಲಿ, ಫ್ರೀವೇಗೆ ಸೇರುವ ಇಳಿಜಾರಿನಲ್ಲಿ, ಐದಾರು ಸೆಕೆಂಡು. ನನ್ನ ಮಟ್ಟಿಗೆ ಇದೇ ಅದರ ಪರವಾದ ವಾದ. ಅದರಿಂದ ಬಲ ಬೇಕಾದರೆ ನೀನು ಕ್ಲಚ್ ಒತ್ತಿ, ಗೇರು ಇಳಿಸಿ, ಸೂಜಿಯನ್ನು ಮೇಲಕ್ಕೆ ಎಳೆದುಕೊಂಡು ಹೋಗಬೇಕು. ಅಂದರೆ ಬೇಕೆಂದೇ ಕೇಳಬೇಕು. ಹೆಲ್‌ಕ್ಯಾಟ್‌ನಲ್ಲಿ ಸೀನು ಬಂದು ಕಾಲು ಅಲುಗಿದರೂ ಎಳೆತ ಬಂದು ನಿಂತಿರುತ್ತದೆ. ನೀನು ನೋಡಿದ್ದು ಎಂಟು ಗೇರಿನ ಆಟೋಮ್ಯಾಟಿಕ್, ಅಲ್ಲಿ ನಡುವೆ ತಡೆಯಲು ಕ್ಲಚ್ಚೂ ಇಲ್ಲ. ಜಿಟಿ350 ಆರು ಗೇರಿನ ಮ್ಯಾನುಯಲ್‌ನಲ್ಲಿ ಮಾತ್ರ ಬಂದದ್ದು.

ಚಾಲೆಂಜರ್ ಪರವಾಗಿ ಹೇಳಬೇಕಾದ್ದನ್ನು ಮುಚ್ಚಿಡುವುದಿಲ್ಲ. ಅದರ ಹಿಂದಿನ ಸೀಟಿನಲ್ಲಿ ನಿನ್ನ ಅಮ್ಮ ಸೀರೆ ಮುದುಡದಂತೆ ಕೂತು ಆ್ಯನ್ ಆರ್ಬರ್‌ವರೆಗೆ ನಿದ್ದೆ ಮಾಡಿದಳು. ಮಸ್ಟಾಂಗ್‌ನ ಹಿಂದೆ ಅವಳ ಕೈಚೀಲ ಕೂರಬಹುದು, ಅವಳಲ್ಲ. ಡಿಕ್ಕಿಯೂ ದೊಡ್ಡದು, ಹಳ್ಳಕೊಳ್ಳಗಳ ಮೇಲೆ ತೇಲಿದಂತೆ ಹೋಗುತ್ತದೆ; ಮಸ್ಟಾಂಗ್‌ನ ಅಗಲವಾದ ಮುಂಚಕ್ರಗಳು ರಸ್ತೆಯ ಸವೆದ ಜಾಡನ್ನು ಹಿಡಿದು ಸ್ಟೇರಿಂಗನ್ನು ಎಳೆಯುತ್ತವೆ, ಅದನ್ನು ನೀನೂ ಗಮನಿಸಿದೆ. ಹೆಲ್‌ಕ್ಯಾಟ್‌ನ ಎಂಜಿನ್ ಚಾರ್ಜರ್, ಜೀಪ್, ರ‍್ಯಾಮ್‌ಗಳಲ್ಲೂ ಬಂದದ್ದರಿಂದ ಬಿಡಿಭಾಗಗಳು ಸುಲಭವಾಗಿ ಸಿಗುತ್ತವೆ, ಶೆಲ್ಬಿಯ ಎಂಜಿನ್ ಕೆಟ್ಟರೆ ಹುಡುಕಾಟವೇ ಗತಿ. ಆದರೆ ಹೆಲ್‌ಕ್ಯಾಟ್ ಎಂಬ ಹೆಸರಿನ ಮೇಲೆ ಕಳ್ಳರ ಕಣ್ಣೂ ಇದೆ: 2023ರಲ್ಲಿ ಅಲ್ಲಿನ ವಿಮಾ ನಷ್ಟದ ಲೆಕ್ಕ ಇಡುವ ಸಂಸ್ಥೆ ಪ್ರಕಟಿಸಿದ ಕಳುವಿನ ಪಟ್ಟಿಯಲ್ಲಿ ಅದೇ ಎಂಜಿನ್ನಿನ ಚಾರ್ಜರ್ ಮೊದಲ ಸ್ಥಾನದಲ್ಲಿತ್ತು. ನೀನು ಗಾಡಿ ನಿಲ್ಲಿಸುವುದು ಅಪಾರ್ಟ್‌ಮೆಂಟಿನ ಬಯಲಿನಲ್ಲಿ. ವಿಮೆಯವರಿಗೆ ಎರಡೂ ಗಾಡಿಗಳ ಚಾಸಿ ನಂಬರ್ ಕೊಟ್ಟು ಕಂತು ಎಷ್ಟೆಂದು ಮೊದಲೇ ಕೇಳು.

ನನ್ನ ಮಾತು ಕೇಳುವುದಾದರೆ ಜಿಟಿ350 ತೆಗೆದುಕೋ. 2016ರ ಗಾಡಿಗಳನ್ನು ಬಿಡು. ಗೇರ್‌ಬಾಕ್ಸಿಗೂ ಡಿಫರೆನ್ಷಿಯಲ್ಲಿಗೂ ಬೇಕಾದ ಕೂಲರುಗಳು ಎಲ್ಲ ಗಾಡಿಗೂ ಬಂದದ್ದು 2017ರಿಂದ. 2019ರದ್ದೋ ಆಮೇಲಿನದ್ದೋ ಆದರೆ ಅದರ ಜೊತೆ ಬರುವ ಮಿಶೆಲಿನ್ ಕಪ್ 2 ಟಯರುಗಳು ಟ್ರ್ಯಾಕಿನ ಜಾತಿಯವು, ನಿಂತ ನೀರಿನಲ್ಲಿ ನಂಬಬಾರದು. ಬಿಚ್ಚಿಸಿ ಅದೇ ಕಂಪನಿಯ ಪೈಲಟ್ ಸ್ಪೋರ್ಟ್ 4ಎಸ್ ಹಾಕಿಸು. ಅವೂ ಬೇಸಿಗೆ ಟಯರುಗಳೇ. ಉಷ್ಣತೆ ಸುಮಾರು 7 ಡಿಗ್ರಿಗಿಂತ ಇಳಿದರೆ ರಬ್ಬರು ಗಟ್ಟಿಯಾಗಿ ಹಿಡಿತ ಹೋಗುತ್ತದೆ. ರಸ್ತೆಗೆ ಉಪ್ಪು ಬಿದ್ದ ದಿನದಿಂದ ಅದು ತೊಳೆದುಹೋಗುವವರೆಗೆ ಗಾಡಿ ರಸ್ತೆಗೆ ಇಳಿಸಬೇಡ, ಆಫೀಸಿಗೆ ನಿನ್ನ ಹಳೆಯ ಕಾರೇ ಸಾಕು. ಚಳಿಗಾಲದಲ್ಲಿ ಇಂಥ ಗಾಡಿಗೆ ಗಿರಾಕಿ ಕಡಿಮೆ, ಬೆಲೆಯಲ್ಲಿ ಗಟ್ಟಿಯಾಗಿ ಚೌಕಾಸಿ ಮಾಡು. ಆಗಸ್ಟಿನ ಮೂರನೇ ಶನಿವಾರ ವುಡ್‌ವರ್ಡ್ ಅವೆನ್ಯೂದಲ್ಲಿ ಹಳೆಯ ಗಾಡಿಗಳ ಜಾತ್ರೆ ನೋಡಿದೆವಲ್ಲ, ಅಲ್ಲಿ ಇಡೀ ದಿನ ಇಪ್ಪತ್ತು ಮೈಲಿ ವೇಗದಲ್ಲಿ ಕ್ಲಚ್ ಒತ್ತಿ ಒತ್ತಿ ನಿನ್ನ ಕಾಲು ನೋಯುತ್ತದೆ. ಆಗ ನನ್ನನ್ನು ಬಯ್ಯಬೇಡ.

ಕೊನೆಯದಾಗಿ ಆಯಿಲ್. ಈ ಎಂಜಿನ್ನಿಗೆ 10 ಕ್ವಾರ್ಟ್, ಅಂದರೆ ಒಂಬತ್ತೂವರೆ ಲೀಟರ್ 5ಡಬ್ಲ್ಯೂ-50 ಆಯಿಲ್ ಬೇಕು, ಮತ್ತು ಅದು ಆಯಿಲ್ ಕುಡಿಯುತ್ತದೆಂಬುದು ಎಲ್ಲರಿಗೂ ಗೊತ್ತಿರುವ ಮಾತು. ಗ್ಯಾರೇಜಿನಲ್ಲಿ ಆ ಮಾಲೀಕರು ಡಿಪ್‌ಸ್ಟಿಕ್ ಎಳೆದು ತೋರಿಸಿದಾಗ ಆಯಿಲ್ ಮೇಲಿನ ಗುರುತಿನವರೆಗೆ ಇತ್ತು, ಬಣ್ಣ ಜೇನಿನಂತಿತ್ತು. ನಾವು ಬರುವ ಮುನ್ನಾದಿನವೇ ಬದಲಾಯಿಸಿದ್ದರೆಂದು ಅದರಿಂದಲೇ ತಿಳಿಯುತ್ತದೆ. ಆದ್ದರಿಂದ ಮುಂಗಡ ಕೊಡುವ ಮೊದಲು ಇನ್ನೊಮ್ಮೆ ಹೋಗು, ಹಿಂದಿನ ಸರ್ವಿಸ್ ಬಿಲ್ಲುಗಳಲ್ಲಿ ಎರಡು ಬದಲಾವಣೆಗಳ ನಡುವೆ ಎಷ್ಟು ಕ್ವಾರ್ಟ್ ಸೇರಿಸಿದ್ದಾರೆಂದು ಬರೆದುಕೋ, ಎಂಜಿನ್ ತಣ್ಣಗಿರುವಾಗ ಡಿಪ್‌ಸ್ಟಿಕ್ ಎಳೆದು, ಬಿಳಿ ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ, ಫೋಟೋ ತೆಗೆದು ನನಗೆ ಕಳಿಸು. ಅಮ್ಮನ ಫೋನಿಗೆ ಬೇಡ, ನನ್ನದಕ್ಕೆ.

ಇಂತಿ,
ನಿನ್ನ ಅಪ್ಪ