ಹಲಸಿನ ಹಣ್ಣು ತಟ್ಟಿದ ಹಾಗೆ

ಲಂಡನ್
21 ಜೂನ್ 2020, ಭಾನುವಾರ

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನಾವು ಮೂವರೂ ಚೆನ್ನಾಗಿದ್ದೇವೆ. ಗಾಬರಿ ಬೇಡ. ಇವತ್ತು ಅಲ್ಲಿ ಗ್ರಹಣ ಅಲ್ವಾ? ಈ ಹೊತ್ತಿಗೆ ಬಿಟ್ಟು, ಅಮ್ಮನ ಸ್ನಾನ ಆಗಿ, ಒಲೆ ಹಚ್ಚಿರಬೇಕು. ಟಪಾಲು ಯಾವಾಗ ತಲುಪುತ್ತದೋ ಗೊತ್ತಿಲ್ಲ. ಹಾಳೆಗಳ ಫೋಟೋ ತೆಗೆದು ಅಣ್ಣನ ವಾಟ್ಸಾಪಿಗೆ ಕಳಿಸುತ್ತೇನೆ. ಅಕ್ಷರ ದೊಡ್ಡದು ಮಾಡಿ ತೋರಿಸಲು ಅವನಿಗೆ ಹೇಳಿ.

ಅಪ್ಪ, ಹೋದ ವಾರ ನೀವು ಒಂದು ಪ್ರಶ್ನೆ ಕೇಳಿದಿರಿ. "ರೋಗಿಯನ್ನ ಮುಟ್ಟದೆ ಡಾಕ್ಟರಿಕೆ ಹೇಗೆ ಕಲಿಸ್ತೀಯ ಮಗಳೇ?" ನಾನು ಬಾಯಿ ತೆರೆಯುವಷ್ಟರಲ್ಲಿ ಲೈನ್ ಕಟ್ ಆಯಿತು. ವಾರವಿಡೀ ಆ ಪ್ರಶ್ನೆ ತಲೆಯಲ್ಲೇ ಇದೆ. ಇದು ಅದಕ್ಕೆ ಉತ್ತರ.

ಇಲ್ಲಿ ಮಾರ್ಚ್ 23ಕ್ಕೆ ಲಾಕ್‌ಡೌನ್ ಹೇಳಿದರು. ಅಷ್ಟರಲ್ಲೇ ವಿದ್ಯಾರ್ಥಿಗಳು ವಾರ್ಡಿಗೆ ಬರುವುದು ನಿಂತಿತ್ತು. ಅಂಗರಚನೆಯ ಕೋಣೆಗೆ ಬೀಗ ಬಿತ್ತು. ಹಲವು ಕಾಲೇಜುಗಳು ದೇಹದಾನ ತೆಗೆದುಕೊಳ್ಳುವುದನ್ನೂ ನಿಲ್ಲಿಸಿದವು. ಸತ್ತ ಮೇಲೂ ಮಕ್ಕಳಿಗೆ ಪಾಠವಾಗಬೇಕು ಎಂದು ಬರೆದುಕೊಟ್ಟವರ ಕೊನೆಯ ಆಸೆ ಹಾಗೇ ಉಳಿಯಿತು. ಅದನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ. ಕೊನೆ ವರ್ಷದವರಿಗೆ ಪದವಿ ಬೇಗ ಕೊಟ್ಟರು. ಅವರಲ್ಲಿ ತುಂಬಾ ಜನ ನೇರ ಆಸ್ಪತ್ರೆಯ ಕೆಲಸಕ್ಕೆ ಸೇರಿದರು. ಉಳಿದವರು ಮನೆ ಸೇರಿದರು. ಅವರಿಗೆ ಪಾಠ ಮಾಡುವ ಕೆಲಸ ನಮ್ಮದು, ಕಂಪ್ಯೂಟರ್ ಮುಂದೆ ಕೂತು.

ಮೊದಲ ಪಾಠ ನಾನು ಸರಿ ಮಾಡಲಿಲ್ಲ. 50 ನಿಮಿಷ ಒಬ್ಬಳೇ ಮಾತಾಡಿದೆ. ಪರದೆಯ ಮೇಲೆ ಬರೀ ಕಪ್ಪು ಚೌಕಗಳು, ಕೆಳಗೆ ಹೆಸರು. ಕೇಳುತ್ತಿದ್ದಾರೋ ಮಲಗಿದ್ದಾರೋ ಗೊತ್ತಿಲ್ಲ. ಬೇಸರದಲ್ಲಿ "ಎಲ್ಲರೂ ಕ್ಯಾಮೆರಾ ಹಾಕಿ" ಎಂದು ಸ್ವಲ್ಪ ಗಡುಸಾಗಿಯೇ ಹೇಳಿಬಿಟ್ಟೆ. ರಾತ್ರಿ ಒಬ್ಬ ಹುಡುಗಿ ಮೇಲ್ ಬರೆದಳು. ಅವರ ಮನೆಯಲ್ಲಿ ಒಂದೇ ಕೋಣೆಯಲ್ಲಿ ಮೂವರು ಮಕ್ಕಳು ಓದುತ್ತಾರಂತೆ, ಹಿಂದೆ ಅಜ್ಜಿಯ ಹಾಸಿಗೆ ಇದೆಯಂತೆ. ನನಗೆ ತುಂಬಾ ನೋವಾಯಿತು. ಮಾರನೇ ದಿನ ಎಲ್ಲರ ಎದುರು ಕ್ಷಮೆ ಕೇಳಿದೆ. ಆಮೇಲೆ ಕ್ಯಾಮೆರಾ ಹಾಕಿ ಅಂತ ಒತ್ತಾಯ ಮಾಡಲಿಲ್ಲ. ಮುಖ ಕಾಣದಿದ್ದರೂ ಅವರ ಕೈಗೆ ಕೆಲಸ ಕೊಡಬೇಕು ಅನ್ನಿಸಿತು. ಏನು ಕೊಡುವುದು?

ಆಗ ನೀವು ನೆನಪಾದಿರಿ ಅಪ್ಪ.

ಹಿತ್ತಲ ಬಕ್ಕೆ ಹಲಸಿನ ಮರದ ಕೆಳಗೆ ನಿಂತು, ಬೆರಳು ಮಡಿಸಿ, ಕಾಯಿಗೆ ತಟ್ಟಿ ಕಿವಿ ಕೊಡುತ್ತಿದ್ದಿರಲ್ಲ. ಎಳೆಯದಾದರೆ ಗಟ್ಟಿ ಸದ್ದು. ಬಲಿತಿದ್ದರೆ ಡಬ್ ಡಬ್. "ಇದಕ್ಕೆ ಇನ್ನೂ ನಾಲ್ಕು ದಿನ ಬೇಕು" ಅನ್ನುತ್ತಿದ್ದಿರಿ, ನಾಲ್ಕೇ ದಿನಕ್ಕೆ ಹಣ್ಣಾಗುತ್ತಿತ್ತು. ನಾವು ಎದೆ ತಟ್ಟಿ ನೋಡುವುದೂ ಅದೇ ವಿದ್ಯೆ. ಎಡಗೈ ನಡುಬೆರಳನ್ನು ಎದೆಗೆ ಒತ್ತಿ ಇಟ್ಟು, ಬಲಗೈ ನಡುಬೆರಳಿನಿಂದ ಅದರ ಮೇಲೆ ತಟ್ಟುತ್ತೇವೆ. ಗಾಳಿ ತುಂಬಿದ ಶ್ವಾಸಕೋಶ ಮೊಳಗುತ್ತದೆ. ಅಲ್ಲಿ ನೀರು ನಿಂತಿದ್ದರೆ ಕಲ್ಲಿಗೆ ತಟ್ಟಿದ ಹಾಗೆ ಮಂಕಾಗುತ್ತದೆ.

ಇದನ್ನು ಮೊದಲು ಪುಸ್ತಕವಾಗಿ ಬರೆದವರು ಲಿಯೋಪೋಲ್ಡ್ ಔಯೆನ್‌ಬ್ರುಗರ್, ಆಸ್ಟ್ರಿಯಾದ ವೈದ್ಯರು. ಅವರ ಅಪ್ಪ ಗ್ರಾಜ್ ಎಂಬ ಊರಿನಲ್ಲಿ ಪ್ರಯಾಣಿಕರ ತಂಗುಮನೆ ನಡೆಸುತ್ತಿದ್ದರು. ಪೀಪಾಯಿಯಲ್ಲಿ ವೈನ್ ಎಷ್ಟು ಉಳಿದಿದೆ ಎಂದು ಹೊರಗಿನಿಂದ ತಟ್ಟಿ ತಿಳಿಯುತ್ತಿದ್ದರು, ಅದನ್ನು ನೋಡಿಯೇ ಮಗನಿಗೆ ಇದು ಹೊಳೆಯಿತು ಎಂದು ವೈದ್ಯರು ಹೇಳಿಕೊಂಡು ಬಂದಿದ್ದಾರೆ. ಪುಸ್ತಕ ಬಂದದ್ದು 1761ರಲ್ಲಿ. ಆಗ ಹೆಚ್ಚು ಜನ ಕಿವಿಗೆ ಹಾಕಿಕೊಳ್ಳಲಿಲ್ಲ. 1808ರಲ್ಲಿ ಕೊರ್ವಿಸಾರ್ ಎಂಬ ಫ್ರೆಂಚ್ ವೈದ್ಯರು ಅನುವಾದ ಮಾಡಿದ ಮೇಲೆ ಎಲ್ಲೆಡೆ ಹಬ್ಬಿತು.

ಈ ಕಥೆ ಹೇಳಿ ಮಕ್ಕಳನ್ನು ಅಡುಗೆಮನೆಗೆ ಕಳಿಸಿದೆ. ಅಕ್ಕಿ ಡಬ್ಬ, ಹಿಟ್ಟಿನ ಡಬ್ಬ, ನೀರಿನ ಕ್ಯಾನ್, ಯಾವುದಾದರೂ ಸರಿ. ಮನೆಯವರು ಅರ್ಧ ತುಂಬಿಸಿ ಬಟ್ಟೆ ಮುಚ್ಚಿಡಬೇಕು. ಇವರು ತಟ್ಟಿ, ಮಟ್ಟ ಎಲ್ಲಿದೆ ಎಂದು ಚಾಕ್‌ನಲ್ಲಿ ಗೆರೆ ಎಳೆಯಬೇಕು. ಒಬ್ಬರೇ ಇರುವವರಿಗೆ ಅವರ ಮೈಯೇ ಪಾಠ. ತೊಡೆ ತಟ್ಟಿದರೆ ಮಂಕು ಸದ್ದು. ಎದೆ ತಟ್ಟಿದರೆ ಮೊಳಗು. ಕೆನ್ನೆ ಉಬ್ಬಿಸಿ ತಟ್ಟಿದರೆ ಚಿಕ್ಕ ತಮಟೆ. ಇಷ್ಟು ದಿನ ಬಾಯಿ ಬಿಡದ ಹುಡುಗರು "ಮೇಡಂ, ನನ್ನ ಲಿವರ್ ಎಲ್ಲಿ ಶುರುವಾಗುತ್ತೆ ಗೊತ್ತಾಯ್ತು" ಎಂದು ಕೂಗಿದರು. ಆವತ್ತು ನನಗೆ ನಿದ್ದೆ ಚೆನ್ನಾಗಿ ಬಂತು.

ಒಂದು ತೊಂದರೆ ಎದುರಾಯಿತು. ನಾನು ತಟ್ಟಿದ ಸದ್ದು ಅವರಿಗೆ ಕೇಳುತ್ತಲೇ ಇರಲಿಲ್ಲ. ಪಾಠ ನಡೆಯುವ ಜೂಮ್ ಆ್ಯಪ್ ಮಾತನ್ನು ಮಾತ್ರ ಉಳಿಸಿಕೊಂಡು, ಬೇರೆ ಸದ್ದನ್ನು ಗಲಾಟೆ ಎಂದು ಅಳಿಸುತ್ತದೆ. ಸೆಟ್ಟಿಂಗ್‌ನಲ್ಲಿ ಮೂಲ ಸದ್ದು ಹಾಗೇ ಹೋಗುವಂತೆ ಮಾಡಿದ ಮೇಲೆ ಸರಿಯಾಯಿತು. ಹೃದಯದ ಸದ್ದು ಕೇಳಿಸುವಾಗಲೂ ಹೀಗೇ. ಕೆಲವು ಸದ್ದುಗಳು ತುಂಬಾ ತಗ್ಗು ಸ್ವರದವು. ಲ್ಯಾಪ್‌ಟಾಪಿನ ಸಣ್ಣ ಸ್ಪೀಕರಿನಲ್ಲಿ ಬರುವುದೇ ಇಲ್ಲ. ಒಳ್ಳೆಯ ಹೆಡ್‌ಫೋನ್ ಬೇಕು. ಇಂಥ ಸಣ್ಣ ವಿಷಯಕ್ಕೇ ಒಂದು ಬ್ಯಾಚಿನ ಪಾಠ ಹಾಳಾಗಬಹುದು.

ಕಾಗದದ ಕಥೆಯನ್ನೂ ಹೇಳಿಬಿಡುತ್ತೇನೆ. ಕೊರ್ವಿಸಾರ್ ಅವರ ಶಿಷ್ಯ ಲೆನೆಕ್. 1816ರಲ್ಲಿ ಪ್ಯಾರಿಸ್‌ನಲ್ಲಿ ಒಬ್ಬ ಯುವತಿಯ ಹೃದಯ ಕೇಳಬೇಕಿತ್ತು. ಆಗ ಎದೆಗೆ ನೇರ ಕಿವಿ ಇಡುತ್ತಿದ್ದ ಕಾಲ. ಅವರಿಗೆ ಸಂಕೋಚವಾಯಿತು. ಕಾಗದ ಸುರುಳಿ ಸುತ್ತಿ, ಒಂದು ತುದಿ ಎದೆಗೆ, ಇನ್ನೊಂದು ತುದಿ ಕಿವಿಗೆ ಇಟ್ಟರು. ಸ್ಟೆತೋಸ್ಕೋಪ್ ಹುಟ್ಟಿದ್ದೇ ಹಾಗೆ, ದೂರ ಇರಬೇಕಾಗಿ ಬಂದದ್ದರಿಂದ. ಸ್ಟೆತೋಸ್ಕೋಪ್ ಹಾಸ್ಟೆಲಿನಲ್ಲೇ ಬಿಟ್ಟು ಬಂದ ಹುಡುಗರು ದಪ್ಪ ಹಾಳೆ ಸುತ್ತಿ ತಮ್ಮ ಅಪ್ಪ ಅಮ್ಮನ ಎದೆಬಡಿತ ಕೇಳಿದರು. ಒಬ್ಬ ಹುಡುಗ, "ನನ್ನಮ್ಮನ ಹೃದಯ ಕೇಳಿದ್ದು ಇದೇ ಮೊದಲು" ಎಂದು ಬರೆದ.

ಕೆಲವು ವಿಷಯ ಆನ್‌ಲೈನ್‌ನಲ್ಲೇ ಚೆನ್ನಾಗಿ ಕಲಿಸಬಹುದು ಎಂದು ಈಗ ನಂಬುತ್ತೇನೆ. ಕೇಳಿಸಿಕೊಳ್ಳುವುದು ಅದರಲ್ಲಿ ಮುಖ್ಯ. ಇಲ್ಲಿ ಊರ ಡಾಕ್ಟರುಗಳು ಈಗ ಹೆಚ್ಚಾಗಿ ಫೋನಿನಲ್ಲೇ ರೋಗಿಗಳನ್ನು ವಿಚಾರಿಸುತ್ತಾರೆ. ರೋಗಿಯ ಪಾತ್ರ ಮಾಡುವ ನಟರು ಕಾಲೇಜುಗಳಲ್ಲಿ ಮೊದಲೇ ಇದ್ದರು. ಅವರೂ ಈಗ ಮನೆಯಿಂದಲೇ ಫೋನ್ ಮಾಡುತ್ತಾರೆ. ಒಂದು ವಾಕ್ಯ ಮುಗಿಸಲು ರೋಗಿ ಎಷ್ಟು ಸಲ ಉಸಿರು ತೆಗೆದುಕೊಂಡರು ಎಂದು ವಿದ್ಯಾರ್ಥಿ ಗಮನಿಸಬೇಕು. ವಾರ್ಡಿನ ಗದ್ದಲದಲ್ಲಿ ಇದನ್ನು ಇಷ್ಟು ನಿಧಾನವಾಗಿ ಯಾರೂ ಹೇಳಿಕೊಡುತ್ತಿರಲಿಲ್ಲ.

ಆದರೆ ಹೊಟ್ಟೆ ಒತ್ತಿ ನೋಡುವುದನ್ನು ಪರದೆಯಲ್ಲಿ ಕಲಿಸಲು ಆಗುವುದಿಲ್ಲ. ಒತ್ತುವಾಗ ಕಣ್ಣು ರೋಗಿಯ ಮುಖದ ಮೇಲಿರಬೇಕು. ನೋವು ಮೊದಲು ಅಲ್ಲಿ ಕಾಣುತ್ತದೆ. ಎಷ್ಟು ಒತ್ತಬೇಕು, ಎಲ್ಲಿ ನಿಲ್ಲಿಸಬೇಕು ಎನ್ನುವುದು ಪಕ್ಕದಲ್ಲಿ ಹಿರಿಯರು ನಿಂತು ಕೈ ಹಿಡಿದು ತೋರಿಸಿದರೆ ಮಾತ್ರ ಬರುತ್ತದೆ. ಹೆದರಿದವರ ತಣ್ಣಗಿನ ಅಂಗೈ ಹಿಡಿಯುವುದೂ ಅಷ್ಟೇ. ಈ ಬ್ಯಾಚಿನವರಿಗೆ ಮುಂದೆ ವಾರ್ಡಿನಲ್ಲಿ ಜಾಸ್ತಿ ದಿನ ಕೊಡಲೇಬೇಕು ಎಂದು ಪ್ರತಿ ಮೀಟಿಂಗಿನಲ್ಲೂ ಹೇಳುತ್ತಿದ್ದೇನೆ. ಹೇಳುತ್ತಲೇ ಇರುತ್ತೇನೆ.

ಈಗ ನಮ್ಮ ಚಿನ್ನುವಿನ ವಿಷಯ. ಅಣ್ಣ ಹೇಳಿದ, ಮೂರು ತಿಂಗಳಾಯಿತು ಅವಳು ಹಾಸ್ಟೆಲಿನಿಂದ ಬಂದು, ಕ್ಲಾಸಿಗೆ ನೆಟ್‌ವರ್ಕ್ ಸಿಗಲೆಂದು ಕೊಡೆ ಹಿಡಿದು ಗುಡ್ಡದ ಮೇಲೆ ನಿಲ್ಲುತ್ತಾಳೆ ಎಂದು. ಈ ಮಳೆಯಲ್ಲಿ, ರಕ್ತ ಹೀರುವ ಉಂಬಳದ ನಡುವೆ! "ಅತ್ತೆ, ನಾನು ಹೀಗೇ ಡಾಕ್ಟರಾದರೆ ಯಾರು ನಂಬುತ್ತಾರೆ" ಎಂದು ಮೆಸೇಜ್ ಮಾಡಿದ್ದಳು. ಆ ಮಾತು ನನ್ನನ್ನು ಬಿಡುತ್ತಿಲ್ಲ.

ಅಪ್ಪ, ನಿಮ್ಮಿಂದ ಒಂದು ಸಹಾಯ ಬೇಕು. ನೀವು ಅವಳ ರೋಗಿ ಆಗಬೇಕು. ಕಾಯಿಲೆ ಹುಡುಕಲಿಕ್ಕಲ್ಲ, ಕೈ ಪಳಗಲಿ ಎಂದು. ಮೊದಲು ಹಿತ್ತಲಿಗೆ ಕರೆದುಕೊಂಡು ಹೋಗಿ ಹಲಸು ತಟ್ಟಲು ನೀವೇ ಕಲಿಸಿ. ಆಮೇಲೆ ಜಗಲಿಯಲ್ಲಿ ಬೆನ್ನು ತಿರುಗಿಸಿ ಕೂತು, ಎಡಗೈ ಬಲಭುಜಕ್ಕೆ, ಬಲಗೈ ಎಡಭುಜಕ್ಕೆ ಹಾಕಿಕೊಳ್ಳಿ. ಹೆಗಲ ಹಿಂದಿನ ಚಪ್ಪಟೆ ಮೂಳೆಗಳು ಪಕ್ಕಕ್ಕೆ ಸರಿದು ತಟ್ಟಲು ಜಾಗ ಸಿಗುತ್ತದೆ. ಅವಳು ಎಡಕ್ಕೊಂದು, ಬಲಕ್ಕೊಂದು ತಟ್ಟುತ್ತಾ ಇಳಿಯಲಿ. ಅಮ್ಮನೂ ಕೂರಲಿ, ನಾಚಿಕೆ ಬೇಡ ಅನ್ನಿ.

ಮುಂದಿನ ಭಾನುವಾರ ನಿಮ್ಮ ಸಂಜೆ 4 ಗಂಟೆಗೆ, ನನ್ನ ಹನ್ನೊಂದೂವರೆಗೆ, ವಿಡಿಯೋ ಕಾಲ್ ಮಾಡುತ್ತೇನೆ. ಜಗಲಿಗೆ ನೆಟ್‌ವರ್ಕ್ ಬರದಿದ್ದರೆ ಅಣ್ಣ ವಿಡಿಯೋ ಮಾಡಿಟ್ಟು ಗುಡ್ಡ ಹತ್ತಿದಾಗ ಕಳಿಸಲಿ. ಚಿನ್ನುವಿಗೆ ಬಲಗೈ ನಡುಬೆರಳಿನ ಉಗುರು ಪೂರ್ತಿ ಕತ್ತರಿಸಿಕೊಂಡಿರಲು ಹೇಳಿ. ಉದ್ದ ಇದ್ದರೆ ಅವಳ ಬೆರಳಿಗೇ ಚುಚ್ಚುತ್ತದೆ.

ನಿಮ್ಮ ಮಗಳು