ಲಾಬ್‌ಸ್ಟರ್ ರೆಸಿಪಿ ಹಾಕುವಾಗ ದಯವಿಟ್ಟು ತೂಕಾನೂ ಹಾಕಿ

ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಲಾಬ್‌ಸ್ಟರ್ ಟೇಲ್ ಮಸಾಲಾ ರೆಸಿಪಿ ಬಗ್ಗೆ ಬರೀತಾ ಇದ್ದೇನೆ. ಮನೆಯಲ್ಲೇ ಮಾಡಿ ಅಂತ ಹಾಕಿದ್ದು ನೋಡಿ ಮೊದ್ಲು ಖುಷಿನೇ ಆಯ್ತು, ಯಾಕಂದ್ರೆ ಲಾಬ್‌ಸ್ಟರ್ ಅಂದ್ರೆ ದೊಡ್ಡ ಹೋಟೆಲಲ್ಲೇ ತಿನ್ಬೇಕು ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ, ನಿಜ ಹೇಳ್ಬೇಕಂದ್ರೆ ಮೀನು ಸಾರಿಗಿಂತ ಕಮ್ಮಿ ಕೆಲಸದ ಅಡುಗೆ ಇದು. ಆದ್ರೆ ಆ ರೆಸಿಪಿಯಲ್ಲಿ ಬ್ಯಾಡಗಿ ಮೆಣಸು ಎಷ್ಟು, ಕೊತ್ತಂಬರಿ ಎಷ್ಟು, ಬೆಳ್ಳುಳ್ಳಿ ಎಷ್ಟು ಎಸಳು ಅಂತ ಎಲ್ಲಾ ಲೆಕ್ಕ ಇದೆ, ಬಾಲದ ತೂಕ ಎಷ್ಟಿರಬೇಕು ಅಂತ ಮಾತ್ರ ಎಲ್ಲೂ ಇಲ್ಲ. ನಾಲ್ಕು ಬಾಲ ತಗೊಳ್ಳಿ, ಚಿಕ್ಕದಾದಷ್ಟೂ ಮೆತ್ತಗಿರುತ್ತೆ ಅಂತ ಒಂದು ಸಾಲು, ಆಮೇಲೆ ಕುಕ್ಕರಿಗೆ ಹಾಕಿ ಮೂರು ವಿಷಲ್ ಕೂಗಿಸಿ ಅಂತ ಇನ್ನೊಂದು ಸಾಲು. ಈ ಎರಡು ಸಾಲು ಓದಿ ಸುಮ್ನಿರಕ್ಕೆ ಆಗ್ಲಿಲ್ಲ.

ನಾನು ಮಲ್ಪೆ ಕಡೆಯವಳು, ಮದುವೆ ಆದ್ಮೇಲೆ ಬೆಂಗಳೂರು. ನಮ್ಮನೇಲಿ ಮೀನು ಒಲೆ ಮೇಲಿಟ್ಟ ಮೇಲೆ ಅಮ್ಮ ಅಡುಗೆಮನೆ ಬಿಟ್ಟು ಕದಲ್ತಾ ಇರ್ಲಿಲ್ಲ, ಯಾರು ಬಂದು ಕರೆದ್ರೂ ಅಷ್ಟೇ. ಚಟ್ಲಿ (ಸಿಗಡಿ), ಏಡಿ, ಲಾಬ್‌ಸ್ಟರ್ ಯಾವುದೇ ಆಗ್ಲಿ ಒಂದೆರಡು ನಿಮಿಷ ಜಾಸ್ತಿ ಆದ್ರೂ ಕೆಟ್ಟಿತು ಅಂತ್ಲೇ ಲೆಕ್ಕ. ಮೂರು ವಿಷಲ್ ಅಂದ್ರೆ ಒಳಗೆ 120 ಡಿಗ್ರಿ ಹತ್ರ ಬಿಸಿ, ಮಾರಾಯ್ರೆ, ಲಾಬ್‌ಸ್ಟರ್ ಬೇಯಕ್ಕೆ ಒಳಗಿನ ಮಾಂಸ 60ರಿಂದ 63 ಡಿಗ್ರಿ ಆದ್ರೆ ಸಾಕು!

ಮಟನ್ ಕುಕ್ಕರಿಗೆ ಹಾಕೋದು ಯಾಕೆ ಅಂತ ಯೋಚ್ನೆ ಮಾಡಿ. ಆಡಿನ ಮಾಂಸದಲ್ಲಿ ಕೊಲಾಜೆನ್ ಅಂತ ಗಟ್ಟಿ ನಾರಿನಂಥದ್ದು ಜಾಸ್ತಿ ಇರುತ್ತೆ, ಅದು ನೀರಲ್ಲಿ ತುಂಬಾ ಹೊತ್ತು ಬೆಂದ್ರೆ ಕರಗುತ್ತೆ, ಅದಕ್ಕೇ ಮಟನ್ ಬೇಯ್ತಾ ಬೇಯ್ತಾ ಮೆತ್ತಗಾಗೋದು. ಲಾಬ್‌ಸ್ಟರ್ ಬಾಲದಲ್ಲಿ ಹಾಗೆ ಕರಗೋ ಅಂಥದ್ದು ಕಮ್ಮಿ, ಇರೋದೆಲ್ಲ ಪ್ರೋಟೀನು ಮತ್ತೆ ನೀರು, ಬಿಸಿ ಜಾಸ್ತಿ ಆದಷ್ಟೂ ಆ ಪ್ರೋಟೀನು ಮುದುಡಿಕೊಂಡು ತನ್ನೊಳಗಿರೋ ನೀರನ್ನೆಲ್ಲ ಹಿಂಡಿ ಹೊರಗೆ ಹಾಕುತ್ತೆ, ಉಳಿಯೋದು ಚಪ್ಪಲಿ ರಬ್ಬರಿನ ಥರದ್ದು. ಗಟ್ಟಿ ಆಯ್ತಲ್ಲ ಇನ್ನೂ ಬೇಯಿಸೋಣ ಅಂತ ಇಟ್ರೆ ಇನ್ನೂ ಗಟ್ಟಿ. ಅಷ್ಟು ದುಡ್ಡು ಕೊಟ್ಟು ತಂದು, ಮನೆಯವ್ರೆಲ್ಲ ಆಸೆಯಿಂದ ಕೂತಾಗ ಹೀಗಾದ್ರೆ ಆ ಮನೇಲಿ ಮತ್ತೆ ಯಾರೂ ಲಾಬ್‌ಸ್ಟರ್ ಹೆಸ್ರು ಎತ್ತಲ್ಲ, ನಂಗೆ ಬೇಜಾರಾಗೋದು ಅದೇ.

ಚಿಪ್ಪು ಕೆಂಪಾದ್ರೆ ಬೆಂದಿತು ಅಂತಾನೂ ರೆಸಿಪಿಯಲ್ಲಿದೆ. ಅದೂ ನಂಬೋ ಹಾಗಿಲ್ಲ. ಆ ಕೆಂಪು ಬಣ್ಣ ಚಿಪ್ಪಿನೊಳಗೆ ಮೊದ್ಲೇ ಇರುತ್ತೆ, ಅಸ್ಟಾಕ್ಸಾಂಥಿನ್ ಅಂತ, ಇನ್ನೊಂದು ಪ್ರೋಟೀನಿಗೆ ಅಂಟಿಕೊಂಡಿರೋದ್ರಿಂದ ಹಸಿ ಇದ್ದಾಗ ನೀಲಿ ಹಸಿರು ಕಂದು ಹೀಗೆ ಕಾಣುತ್ತೆ, ಬಿಸಿ ತಾಗಿದ ಕೂಡ್ಲೆ ಬಿಟ್ಟುಕೊಂಡು ಕೆಂಪು ಎದ್ದು ಕಾಣುತ್ತೆ. ಚಿಪ್ಪು ಹೊರಗಿರೋದು, ಅದಕ್ಕೆ ಮೊದ್ಲು ಬಿಸಿ ತಾಗುತ್ತೆ, ಒಳಗೆ ನಡುವಲ್ಲಿ ಇನ್ನೂ ಹಸಿ ಇರಬಹುದು. ನೋಡ್ಬೇಕಾದ್ದು ಮಾಂಸವನ್ನ. ಹಸಿ ಇದ್ದಾಗ ಗಾಜಿನ ಥರ ಆಚೆ ಬದಿ ಮಸುಕಾಗಿ ಕಾಣೋ ಹಾಗಿರುತ್ತೆ, ಬೆಂದಾಗ ಪೂರ್ತಿ ಬೆಳ್ಳಗಾಗುತ್ತೆ, ದಪ್ಪ ಇರೋ ಜಾಗದಲ್ಲಿ ಚಾಕು ತುದಿ ಹಾಕಿ ನೋಡಿದ್ರೆ ಗೊತ್ತಾಗುತ್ತೆ. ಅಡುಗೆ ಥರ್ಮಾಮೀಟರ್ ಇದ್ರೆ ಇನ್ನೂ ಒಳ್ಳೇದು.

ತೂಕ ಬೇಕು ಅಂತ ಹಠ ಮಾಡ್ತಾ ಇರೋದು ಇದಕ್ಕೇ. 120ರಿಂದ 150 ಗ್ರಾಂ ಬಾಲ ಆದ್ರೆ ಇಡ್ಲಿ ಪಾತ್ರೆಯಲ್ಲಿ ನೀರು ಚೆನ್ನಾಗಿ ಕುದಿ ಬಂದ್ಮೇಲೆ ಇಟ್ರೆ ಆರೇಳು ನಿಮಿಷ, ಹೆಚ್ಚಂದ್ರೆ ಎಂಟು. ಓವನ್ ಇದ್ದೋರು 220 ಡಿಗ್ರಿಯಲ್ಲಿ ಚಿಪ್ಪು ಸೀಳಿ ಇಟ್ರೆ ಎಂಟರಿಂದ ಹತ್ತು ನಿಮಿಷ. ನಮ್ಮನೇಲಿ ಮಾಡೋದು ಕಾವಲಿ ಮೇಲೆ, ಉದ್ದಕ್ಕೆ ಎರಡು ಹೋಳು ಮಾಡಿ ಮಾಂಸದ ಬದಿ ಕೆಳಗೆ ಮಾಡಿ ಎರಡು ಮೂರು ನಿಮಿಷ, ತಿರುಗಿಸಿ ಚಿಪ್ಪಿನ ಬದಿ ಇನ್ನು ಮೂರು ನಾಲ್ಕು ನಿಮಿಷ, ತಿರುಗಿಸಿದ್ಮೇಲೆ ಬೆಣ್ಣೆ ಕರಗಿದ್ದನ್ನ ಚಮಚದಲ್ಲಿ ಮೇಲೆ ಹಾಕ್ತಾ ಇರೋದು. 250 ಗ್ರಾಂ ಬಾಲಕ್ಕೆ ಈ ಲೆಕ್ಕ ನಡೆಯಲ್ಲ, 60 ಗ್ರಾಮಿಂದಕ್ಕೂ ನಡೆಯಲ್ಲ. ತೂಕ ಹೇಳ್ದೆ ನಿಮಿಷ ಹೇಳಿದ್ರೆ ಓದೋರಿಗೆ ಏನು ಉಪಯೋಗ ಹೇಳಿ.

ಬೆಂಗಳೂರಲ್ಲಿ ಸಿಗೋದು ಹೆಚ್ಚಾಗಿ ಫ್ರೋಜನ್, ಅದರ ಮೇಲೆ ಐಸಿನ ಪದರ ಇರುತ್ತೆ, ಹಾಗಾಗಿ ಕರಗಿಸಿದ್ಮೇಲೆ ತೂಗ್ಬೇಕು. ಕರಗಿಸೋದು ಅಂದ್ರೆ ಹಿಂದಿನ ರಾತ್ರಿನೇ ಫ್ರಿಜ್ಜಿನ ಕೆಳಗಿನ ಭಾಗಕ್ಕೆ ಇಳಿಸಿ ಇಡೋದು, ಅರ್ಜೆಂಟಿದ್ರೆ ಕವರ್ ಬಿಗಿ ಕಟ್ಟಿ ತಣ್ಣೀರಲ್ಲಿ ಮುಳುಗಿಸಿ ಅರ್ಧ ಮುಕ್ಕಾಲು ಗಂಟೆ. ಬಿಸಿನೀರು ಬೇಡ, ಹೊರಗಡೆ ಬೇಯಕ್ಕೆ ಶುರುವಾಗಿ ಒಳಗೆ ಕಲ್ಲಿನ ಹಾಗೇ ಇರುತ್ತೆ. ಕರಗಿದ್ಮೇಲೆ ಅಮೋನಿಯಾ ವಾಸನೆ ಬಂದ್ರೆ ದುಡ್ಡಿನ ಮುಖ ನೋಡ್ದೆ ಬಿಸಾಕಿ.

ಕತ್ತರಿಸೋದು ಹೇಗೆ ಅಂತ ರೆಸಿಪಿಯಲ್ಲಿ ಚಿಪ್ಪು ತೆಗೆದು ತುಂಡು ಮಾಡಿ ಅಂತ ಒಂದೇ ಸಾಲಲ್ಲಿ ಮುಗ್ಸಿದ್ದಾರೆ, ಮೊದಲ ಸಲ ಮಾಡೋರಿಗೆ ಕೈ ಕುಯ್ಯೋದೇ ಅಲ್ಲಿ. ನಮ್ಮ ಸಮುದ್ರದ ಲಾಬ್‌ಸ್ಟರಿಗೆ ಅಮೆರಿಕದ ಮೇಯ್ನ್ ಕಡೆಯದ್ದಕ್ಕೆ ಇರೋ ಹಾಗೆ ಏಡಿ ಥರದ ದೊಡ್ಡ ಇಕ್ಕಳ ಇರಲ್ಲ, ತಲೆ ಭಾಗದ ಮೇಲೆಲ್ಲ ಮುಳ್ಳು, ಬಾಲದ ಚಿಪ್ಪಿನ ಅಂಚೂ ಚೂಪು. ಹಳೇ ಟವೆಲಲ್ಲಿ ಬಾಲ ಹಿಡ್ಕೊಂಡು, ಅಗಲ ಇರೋ ಕಡೆಯಿಂದ ಬೆನ್ನಿನ ನಡುವೆ ಅಡುಗೆ ಕತ್ತರಿ ತೂರಿಸಿ, ಮಾಂಸಕ್ಕೆ ತಾಗದ ಹಾಗೆ ಚಿಪ್ಪು ಮಾತ್ರ ಕತ್ತರಿಸ್ತಾ ಬಾಲದ ತುದಿಯ ರೆಕ್ಕೆ ಹತ್ರ ನಿಲ್ಲಿಸ್ಬೇಕು. ಆಮೇಲೆ ಎರಡು ಹೆಬ್ಬೆರಳಲ್ಲಿ ಚಿಪ್ಪನ್ನ ಅಗಲಿಸಿ, ಚಿಪ್ಪು ಮತ್ತೆ ಮಾಂಸದ ನಡುವೆ ಬೆರಳು ಆಡಿಸಿದ್ರೆ ಒಂದು ತೆಳು ಪೊರೆ ಬಿಟ್ಕೊಂಡು ಬರುತ್ತೆ, ಮಾಂಸ ಎತ್ತಿ ಚಿಪ್ಪಿನ ಮೇಲೇ ಕೂರಿಸಿದ್ರೆ ಆಯ್ತು, ರೆಕ್ಕೆ ಕಡೆ ಅಂಟಿಕೊಂಡೇ ಇರಲಿ. ಬೆನ್ನಿನ ಉದ್ದಕ್ಕೂ ಕಪ್ಪು ಎಳೆ ಕಾಣುತ್ತೆ, ಅದು ಕರುಳು, ಚಟ್ಲಿಗೆ ತೆಗೆಯೋ ಹಾಗೇ ಎಳೆದು ತೆಗೀರಿ. ಬೇಯುವಾಗ ಸುರುಳಿ ಸುತ್ತೋದು ಬೇಡ ಅಂದ್ರೆ ಉದ್ದಕ್ಕೆ ಒಂದು ಬಿದಿರಿನ ಕಡ್ಡಿ ಚುಚ್ಚಿ.

ಮಸಾಲೆ ಬೇಡ ಅಂತ ನಾನು ಹೇಳ್ತಾ ಇಲ್ಲ! ಬರೀ ಬೆಣ್ಣೆ ನಿಂಬೆ ಹಾಕಿ ತಿನ್ನೋದು ಕೆಲವರಿಗೆ ಇಷ್ಟ, ನಮಗೆ ಮೆಣಸು ಇಲ್ದೆ ಸೇರಲ್ಲ. ಆದ್ರೆ ಮಸಾಲೆ ಬೇಯೋ ಹೊತ್ತು ಬೇರೆ, ಲಾಬ್‌ಸ್ಟರ್ ಬೇಯೋ ಹೊತ್ತು ಬೇರೆ. ಕುಂದಾಪುರ ಕಡೆ ಘೀ ರೋಸ್ಟ್ ಮಸಾಲೆ ಹದಕ್ಕೆ ಬರಕ್ಕೆ ಸಣ್ಣ ಉರಿಯಲ್ಲಿ ಎಷ್ಟು ಹೊತ್ತು ಬೇಕು ಅಂತ ಮಾಡೋರಿಗೆ ಗೊತ್ತು, ಹುಣಸೆಹುಳಿಯ ಹಸಿ ವಾಸನೆ ಹೋಗಿ ತುಪ್ಪ ಬದಿಗೆ ಬಿಟ್ಕೊಳ್ಳೋವರೆಗೂ ಅದನ್ನ ಮಾತ್ರ ಹುರೀರಿ, ಬಾಲವನ್ನ ಬೇರೆ ಹಬೆಯಲ್ಲಿ ಮುಕ್ಕಾಲು ಪಾಲು ಬೇಯಿಸಿ ಇಟ್ಕೊಂಡು ಕೊನೆಗೆ ಒಂದು ನಿಮಿಷ ಮಸಾಲೆಯಲ್ಲಿ ಹೊರಳಿಸಿ ಇಳಿಸಿಬಿಡಿ. ಎರಡೂ ರುಚಿ ಉಳಿಯುತ್ತೆ. ಹುಳಿ ಹಾಕಿ ಎರಡು ಗಂಟೆ ನೆನೆಸಿಡೋದೂ ಬೇಡ, ಹುಳಿಗೇ ಮಾಂಸ ಬಿಗಿದುಕೊಳ್ಳುತ್ತೆ. ಚಿಪ್ಪು ಎಸೀಬೇಡಿ, ಒಂಚೂರು ಎಣ್ಣೆಯಲ್ಲಿ ಹುರಿದು ಈರುಳ್ಳಿ ಕಾಳುಮೆಣಸು ಹಾಕಿ ಅರ್ಧ ಗಂಟೆ ಕುದಿಸಿ ಸೋಸಿದ್ರೆ ಆ ನೀರಲ್ಲಿ ಮಾಡಿದ ಸಾರಿಗೆ ಬೇರೆ ಏನೂ ಬೇಡ. (ಚಟ್ಲಿ ಏಡಿ ತಿಂದು ಮೈ ತುರಿಸೋರು, ಉಬ್ಬಸ ಬರೋರು ಇದನ್ನ ಮುಟ್ಟಲೇಬಾರದು, ಬೇಯಿಸಿದ್ರೂ ಆ ಅಲರ್ಜಿ ಹೋಗಲ್ಲ. ರೆಸಿಪಿ ಕೆಳಗೆ ಇಷ್ಟಾದ್ರೂ ಹಾಕ್ಬೇಕಿತ್ತು.)

ಈಗ ಚಿಕ್ಕದಾದಷ್ಟೂ ಒಳ್ಳೇದು ಅನ್ನೋ ಮಾತಿಗೆ ಬರ್ತೇನೆ, ನಂಗೆ ಜಾಸ್ತಿ ನೋವಾಗಿದ್ದು ಇದೇ. ಚಿಕ್ಕ ಬಾಲ ಅಂದ್ರೆ ಚಿಕ್ಕ ಲಾಬ್‌ಸ್ಟರ್, ಎಷ್ಟೋ ಸಲ ಅದು ಇನ್ನೂ ಒಂದು ಸಲಾನೂ ಮೊಟ್ಟೆ ಇಡದೇ ಇರೋದು. ಮೆತ್ತಗೆ ಬೇಕಿದ್ರೆ ಕಮ್ಮಿ ಹೊತ್ತು ಬೇಯಿಸ್ಬೇಕು, ಮರಿ ತಿನ್ನೋದಲ್ಲ. ಕೇಂದ್ರ ಸರ್ಕಾರ 2003ರಲ್ಲೇ ರಫ್ತಿಗೆ ಕನಿಷ್ಠ ತೂಕ ಗೊತ್ತು ಮಾಡಿದೆ, ಜಾತಿ ನೋಡಿ ಇಡೀ ಲಾಬ್‌ಸ್ಟರ್ 150, 200, 300, 500 ಗ್ರಾಂ ಅಂತ, ಬಾಲಕ್ಕೂ ಬೇರೆ ಲೆಕ್ಕ ಇದೆ. ಆದ್ರೆ ಅದು ರಫ್ತಿಗೆ ಅಂತ ಬಂದ ನಿಯಮ. ಒಳ್ಳೇ ಸೈಜಿಂದು ಜೀವಂತ ಇರುವಾಗಲೇ ಹೊರದೇಶಕ್ಕೆ ಹೋಗುತ್ತೆ, ಅಲ್ಲಿಗೆ ಆಗದೇ ಇರೋ ಮರಿಗಳು ಇಲ್ಲಿನ ಮಾರ್ಕೆಟ್ಟಿಗೆ ಬರುತ್ತೆ, ಅದನ್ನ ಕೊಳ್ಳೋದು ಬಿಡೋದು ನಮ್ಮ ಕೈಯಲ್ಲೇ ಇದೆ. ಮುಂಬೈ ಕಡೆ ಚಪ್ಪಟೆ ಲಾಬ್‌ಸ್ಟರ್ ಬೋಟು ಎಳ್ಕೊಂಡು ಹೋಗೋ ಟ್ರಾಲ್ ಬಲೆಗೆ ಚೆನ್ನಾಗಿ ಬೀಳ್ತಿತ್ತು, 1990ರ ದಶಕದಲ್ಲಿ ಆ ಮೀನುಗಾರಿಕೆನೇ ಕುಸಿದು ಹೋಯ್ತು. ಚಟ್ಲಿ ಹಾಗೆ ಮರಿ ಮಾಡಿಸಿ ಕೆರೆಯಲ್ಲಿ ಸಾಕೋಣ ಅಂದ್ರೆ ಅದು ನಮ್ಮಲ್ಲಿ ಇನ್ನೂ ವ್ಯಾಪಾರದ ಮಟ್ಟಕ್ಕೆ ಬಂದಿಲ್ಲ, ಇದರ ಮರಿ ಮೊಟ್ಟೆಯಿಂದ ಹೊರಗೆ ಬಂದ್ಮೇಲೆ ಕಾಗದದಷ್ಟು ತೆಳ್ಳಗೆ ಇದ್ದು ತಿಂಗಳುಗಟ್ಟಲೆ ಸಮುದ್ರದಲ್ಲಿ ತೇಲಿಕೊಂಡೇ ಇರುತ್ತೆ. ಹಾಗಾಗಿ ತಿನ್ನೋದೆಲ್ಲ ಸಮುದ್ರದಿಂದಲೇ ಬರ್ಬೇಕು.

ಹಸಿ ಲಾಬ್‌ಸ್ಟರ್ ತಗೊಳ್ಳೋರು ಬಾಲವನ್ನ ಮಗುಚಿ ಹೊಟ್ಟೆ ಕಡೆ ನೋಡಿ. ಅಡಿಯ ಎಸಳುಗಳಿಗೆ ಕಿತ್ತಳೆ ಬಣ್ಣದ ಸಣ್ಣ ಮಣಿಗಳ ಗೊಂಚಲು ಅಂಟಿಕೊಂಡಿದ್ರೆ ಅದು ಮೊಟ್ಟೆ, ಬಲಿತ ಹಾಗೆ ಕಂದು ಬಣ್ಣಕ್ಕೆ ತಿರುಗುತ್ತೆ, ಒಂದು ಹೆಣ್ಣಲ್ಲಿ ಲಕ್ಷಗಟ್ಟಲೆ ಇರುತ್ತೆ. ಅದನ್ನ ಕೊಳ್ಳಬೇಡಿ. ಮೊಟ್ಟೆ ಇದ್ರೆ ರುಚಿ ಜಾಸ್ತಿ ಅಂತ ಹೇಳಿ ಮಾರೋರೂ ಇದ್ದಾರೆ, ನಾನು ಅಂಥಲ್ಲಿ "ಅಕ್ಕ, ಇದು ಬೇಡ, ಮೊಟ್ಟೆ ಇಲ್ದೇ ಇರೋದು ಕೊಡಿ" ಅಂತ ಬಾಯಿಬಿಟ್ಟು ಹೇಳ್ತೇನೆ. ಕೊಳ್ಳೋರು ನಾಲ್ಕು ಜನ ಹೀಗೆ ಕೇಳಕ್ಕೆ ಶುರು ಮಾಡಿದ್ರೆ ಆ ಮಾತು ಬೋಟು ಬಂದು ನಿಲ್ಲೋ ದಕ್ಕೆವರೆಗೂ ಹೋಗುತ್ತೆ. ಜೂನ್ ಜುಲೈ ಎರಡು ತಿಂಗಳು ಯಾಂತ್ರಿಕ ಬೋಟು ಕಟ್ಟಿ ಹಾಕಿ ನಮ್ಮ ಕಡೆ ಮನೆಗಳು ಸಂಪಾದನೆ ಬಿಟ್ಟು ಕೂತ್ಕೊಳ್ತಾವೆ, ಮೀನು ಮರಿ ಹಾಕ್ಲಿ ಬೆಳೀಲಿ ಅಂತಾನೇ ಆ ನಿಷೇಧ ಇರೋದು, ಹಾಗಿರುವಾಗ ಪೇಪರಿನಲ್ಲೇ ಚಿಕ್ಕದು ಹುಡುಕಿ ತನ್ನಿ ಅಂತ ಬರೆದ್ರೆ ಹೇಗೆ ಸ್ವಾಮಿ.

ಮಂಗಳೂರಲ್ಲೇ 1969ರಿಂದ ಮೀನುಗಾರಿಕಾ ಕಾಲೇಜಿದೆ, ಸಿಎಂಎಫ್‌ಆರ್‌ಐ (ಕೇಂದ್ರ ಸರ್ಕಾರದ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ) ಕೇಂದ್ರ ಇದೆ, ಸಮುದ್ರದ ಅಡುಗೆ ಹಾಕೋ ಮೊದ್ಲು ಅಲ್ಲಿಯವರಿಗೆ ಒಂದು ಫೋನ್ ಮಾಡಿ ಕೇಳಿದ್ರೆ ಯಾವ ಸೈಜು ತಗೋಬೇಕು ಯಾವುದು ಬಿಡ್ಬೇಕು ಅಂತ ಹೇಳ್ತಾರೆ. ಈಗ ಸದ್ಯಕ್ಕೆ ಬರೋ ಭಾನುವಾರದ ಪುರವಣಿಯಲ್ಲಿ ಆ ರೆಸಿಪಿಗೆ ಒಂದು ತಿದ್ದುಪಡಿ ಹಾಕಿ, ದೊಡ್ಡ ಅಕ್ಷರದಲ್ಲೇ ಹಾಕಿ: ಬಾಲ 120ರಿಂದ 150 ಗ್ರಾಂ ಇರಲಿ, ಮೊಟ್ಟೆ ಇರೋದು ಬೇಡ, ಕುಕ್ಕರ್ ಬೇಡ, ಹಬೆಯಲ್ಲಿ ಆರೇಳು ನಿಮಿಷ.

ಇತಿ,
ಮಲ್ಪೆ ಕಡೆಯ ಒಬ್ಬ ಓದುಗಿ, ಬೆಂಗಳೂರು